ಸೊನ್ನಲಿಗೆಯಲ್ಲಿ ಕೂತು ಸಿದ್ಧರಾಮನ ಬಗ್ಗೆ ಪ್ರಬಂಧ ಬರೆಯುವುದು

(ಅಂತರ್ಜಾಲ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಂಡಿದೆ. ಕೊನೆಗೆ ಚರ್ಚೆಯ ಒಂದು ಭಾಗವಿದೆ.)

ಧ್ವನಿ ಸರಿಯಾಗಿ ಕೇಳಸ್ತದ ಅಂತ ತಿಳಕೊಂಡು ಚಾಲು ಮಾಡ್ತೀನಿ.

ಆಮಂತ್ರಣದಲ್ಲಿ ನನ್ನ ವಿಷಯ 'ಸಾಹಿತ್ಯದ ವಿದ್ಯಾರ್ಥಿ ಮತ್ತು ವಿಮರ್ಶೆಯ ಬರವಣಿಗೆ' ಎಂದಿದೆ. ಅಷ್ಟು ದೊಡ್ಡ ಅಂಗಿ ನನಗೆ ಸರಿಹೋಗುವುದಿಲ್ಲ, ಹಾಗಾಗಿ ಒಳಗೆ ಹೊಲಿಗೆ ಹಾಕಿ ಚಿಕ್ಕದು ಮಾಡಿಕೊಂಡು ಬಂದಿದ್ದೇನೆ. ಸೊಲ್ಲಾಪುರ, ಅಕ್ಕಲಕೋಟದ ಕಾಲೇಜುಗಳಲ್ಲಿ ಬಿ.ಎ., ಎಂ.ಎ. ಕನ್ನಡ ಓದುವವರು ಒಂದು ಕೃತಿಯ ಬಗ್ಗೆ ನಾಲ್ಕೈದು ಪುಟ ಬರೆಯುವಾಗ ಏನು ಬರೆಯುತ್ತಾರೆ, ಏನು ಬಿಡುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ. ಉದಾಹರಣೆಗೆ ಒಬ್ಬನನ್ನೇ ತೆಗೆದುಕೊಳ್ಳುತ್ತೇನೆ, ಸಿದ್ಧರಾಮನನ್ನು. ಇಲ್ಲಿ ಕನ್ನಡ ಓದಿದವರು ಅವನ ಮೇಲೆ ಒಂದಾದರೂ ಪ್ರಬಂಧ ಬರೆಯದೆ ಪಾಸಾಗುವುದು ಕಷ್ಟ. ಸಹಪಾಠಿಗಳು ಪ್ರೀತಿಯಿಂದ ಓದಲು ಕೊಟ್ಟ ಪ್ರಬಂಧಗಳನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ. ಯಾರ ಹೆಸರನ್ನೂ ಹೇಳುವುದಿಲ್ಲ, ಗಾಬರಿ ಆಗಬ್ಯಾಡ್ರಿ.

ಮೊದಲು ಹೆಸರಿನ ತೊಡಕು. ಕನ್ನಡದಲ್ಲಿ 'ಪ್ರಬಂಧ' ಎಂದರೆ ಶಾಲೆಯಲ್ಲಿ ಆಕಳಿನ ಮೇಲೆ ಬರೆಯುವ ಒಂದು ಪುಟವೂ ಹೌದು, ಎ.ಎನ್. ಮೂರ್ತಿರಾಯರ ಲಲಿತ ಪ್ರಬಂಧವೂ ಹೌದು, ನಾನೀಗ ಓದುತ್ತಿರುವುದೂ ಹೌದು. ಪಿಎಚ್.ಡಿ.ಗೆ ಬರೆದರೆ ಮುಂದೆ ಒಂದು 'ಮಹಾ' ಹಚ್ಚುತ್ತೇವೆ. ಮರಾಠಿಯಲ್ಲಿ ಶಾಲೆಯ ಬರಹ 'ನಿಬಂಧ', ಪಿಎಚ್.ಡಿ.ಯದೇ 'ಪ್ರಬಂಧ'. ಅದಕ್ಕ ಸೊಲ್ಲಾಪುರದಾಗ ಮರಾಠಿ ಗೆಳತಿಗೆ 'ನಿನ್ನೆ ರಾತ್ರಿ ಕೂತು ಪ್ರಬಂಧ ಮುಗಿಸಿದೆ' ಅಂದ್ರ ಆಕಿ ಪೇಢೆ ಕೇಳ್ತಾಳ. ನಮ್ಮ 'ವಿಮರ್ಶೆ' ಅವರಿಗೆ 'ಸಮೀಕ್ಷಾ'. ಕನ್ನಡದಲ್ಲಿ ಸಮೀಕ್ಷೆ ಎಂದರೆ ಮನೆಮನೆಗೆ ಬಂದು ಲೆಕ್ಕ ಬರೆದುಕೊಳ್ಳುವುದು. ಇದು ಬರೀ ತಮಾಷೆಯ ಮಾತಲ್ಲ. ಬರವಣಿಗೆಗೆ ಕೂತಾಗ ಯಾವ ಭಾಷೆಯ ಯಾವ ಶಬ್ದ ತಲೆಯಲ್ಲಿ ಓಡುತ್ತಿದೆ ಎನ್ನುವುದರ ಮೇಲೆ ಪ್ರಬಂಧದ ಆಕಾರ ನಿಂತಿರುತ್ತದೆ.

ಮರಾಠಿ ಮಾಧ್ಯಮದಲ್ಲಿ ಓದಿ ಬಂದವರು 'ರಸಗ್ರಹಣ' ಎಂಬ ಅಚ್ಚನ್ನು ಜೊತೆಗೆ ತರುತ್ತಾರೆ. ಕವಿತೆಯ ಆಶಯಸೌಂದರ್ಯ, ಕಾವ್ಯಸೌಂದರ್ಯ, ಭಾಷೆಯ ವೈಶಿಷ್ಟ್ಯ ಎಂದು ಮೂರು ಖಾನೆ. ಒಂದೊಂದರಲ್ಲಿ ನಾಲ್ಕು ವಾಕ್ಯ. ಕನ್ನಡ ಮಾಧ್ಯಮದಿಂದ ಬಂದವರ ಅಚ್ಚು ಬೇರೆ: ಕವಿಯ ಕಾಲ, ದೇಶ, ತಂದೆ-ತಾಯಿ, ಮತ, ಆಶ್ರಯದಾತ, ಬಿರುದು, ಕೃತಿಗಳು, ಕೊನೆಗೆ 'ಇವರ ಶೈಲಿ ಸರಳವೂ ಸುಂದರವೂ ಆಗಿದೆ'. ಎರಡೂ ಅಚ್ಚೇ. ಆದರೆ ನನ್ನನ್ನು ಕೇಳಿದರೆ ಮರಾಠಿಯ ಅಚ್ಚು ಸ್ವಲ್ಪ ಮೇಲು. ಖಾನೆ ತುಂಬಿಸಲಿಕ್ಕಾದರೂ ಹುಡುಗರು ಕವಿತೆಯ ಕಡೆ ಒಮ್ಮೆ ನೋಡಬೇಕಾಗುತ್ತದೆ. ನಮ್ಮ ಅಚ್ಚಿನಲ್ಲಿ ಕೃತಿಯನ್ನು ತೆರೆಯದೆಯೇ ಮೂರು ಪುಟ ದಾಟಬಹುದು.

ನಮ್ಮ ಅಚ್ಚಿಗೆ ಒಂದು ಗೌರವದ ಮೂಲವಿದೆ, ಅದನ್ನು ಮರೆಯಬಾರದು. ಆರ್. ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟವನ್ನು 1907ರಲ್ಲಿ, ಎರಡನೆಯದನ್ನು 1919ರಲ್ಲಿ, ಮೂರನೆಯದನ್ನು 1929ರಲ್ಲಿ ತಂದರು. ಓಲೆಗರಿ, ಶಾಸನ ಹುಡುಕಿ ಯಾವ ಕವಿ ಯಾವ ಕಾಲದವನು ಎಂದು ಗೊತ್ತುಮಾಡುವುದೇ ಆಗ ದೊಡ್ಡ ಕೆಲಸ. ಕಾಲ, ದೇಶ, ಮತ ಎಂಬ ಖಾನೆಗಳು ಆ ಕೆಲಸಕ್ಕೆ ಬೇಕಾಗಿದ್ದವು. ಆಮೇಲೆ ರಂ.ಶ್ರೀ. ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ' 1953ರಲ್ಲಿ ಬಂತು. ಅದಕ್ಕೆ 1956ರಲ್ಲಿ ಸಾಹಿತ್ಯ ಅಕಾದೆಮಿ ಪ್ರಶಸ್ತಿಯೂ ಬಂತು. ಮುಗಳಿಯವರು ಕನ್ನಡ ಕಲಿಸುತ್ತಿದ್ದದ್ದು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ, ಅಂದರೆ ನಮ್ಮ ಕಡೆಯೇ. ಅವರು ಖಾನೆ ತುಂಬಿಸಿ ಬಿಡಲಿಲ್ಲ, ಕೃತಿಗಳನ್ನು ತೂಗಿ ನೋಡಿದರು, ತಮಗೆ ಕಂಡ ಕೊರತೆಯನ್ನು ಹೇಳಿದರು. ನಾವು ಅವರ ತೀರ್ಪನ್ನು ಬಿಟ್ಟು ಅವರ ಇಸವಿಗಳನ್ನು ಇಟ್ಟುಕೊಂಡೆವು. ಮತ್ತೂ ಒಂದು ಕಾರಣ ಹತ್ತಿರದ್ದು. ಯುಜಿಸಿಯ ಎನ್.ಇ.ಟಿ. ಪರೀಕ್ಷೆಯಲ್ಲಿ 2012ರ ಜೂನ್‌ನಿಂದ ವಿವರಿಸಿ ಬರೆಯುವ ಪತ್ರಿಕೆ ಹೋಗಿ ಎಲ್ಲವೂ ಸರಿ ಉತ್ತರ ಆರಿಸುವ ಪ್ರಶ್ನೆಗಳಾದವು. ಕೃತಿಯನ್ನು ಕವಿಗೆ ಹೊಂದಿಸಿ, ಅಂಕಿತವನ್ನು ವಚನಕಾರನಿಗೆ ಹೊಂದಿಸಿ. ಎಂ.ಎ. ಮುಗಿಸಿ ಕೆಲಸ ಬೇಕೆನ್ನುವವರ ಕಣ್ಣು ಅಲ್ಲಿರುತ್ತದೆ. 'ಕಪಿಲಸಿದ್ಧಮಲ್ಲಿಕಾರ್ಜುನ ಯಾರ ಅಂಕಿತ' ಎನ್ನುವುದಕ್ಕೆ ಅರ್ಧ ಸೆಕೆಂಡಿನಲ್ಲಿ ಉತ್ತರ ಕೊಡುವ ಗೆಳೆಯನಿಗೆ ಆ ಅಂಕಿತದ ಮೂರು ವಚನ ಹೇಳು ಎಂದರೆ ಫೋನ್ ತೆಗೆಯುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಪರೀಕ್ಷೆ ಕೇಳಿದ್ದನ್ನು ಅವನು ಕಲಿತಿದ್ದಾನೆ.

ಗಡಿನಾಡಿನವರಿಗೆ ಇದರ ಮೇಲೆ ಇನ್ನೊಂದು ಹೊರೆ. ನಮ್ಮಿಂದ ಜನ ಅಭಿಮಾನ ಕೇಳ್ತಾರ, ಓದು ಕೇಳೂದಿಲ್ಲ. ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬಂದ ಅತಿಥಿಗಳು 'ನೀವು ಮಹಾರಾಷ್ಟ್ರದಲ್ಲಿದ್ದೂ ಕನ್ನಡ ಓದುತ್ತಿದ್ದೀರಲ್ಲ' ಎಂದು ಚಪ್ಪಾಳೆ ಹೊಡೆಸಿ ಹೋಗುತ್ತಾರೆ. ನಾವು ಏನು ಓದಿದೆವು ಎಂದು ಕೇಳಿದವರು ಕಡಿಮೆ. ಹೀಗಾಗಿ ನಮ್ಮ ಪ್ರಬಂಧಗಳ ಮೊದಲ ಪ್ಯಾರಾ ಬಹುತೇಕ ಒಂದೇ: ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡಿತ್ತು ಎಂದು ಕವಿರಾಜಮಾರ್ಗ ಹೇಳುತ್ತದೆ, ಆದ್ದರಿಂದ ಸೊಲ್ಲಾಪುರವೂ ಕನ್ನಡ ನಾಡೇ. ಸರಿ. ಆದರೆ ಸುಮಾರು 850ರ ಆ ಗ್ರಂಥದ ಮೂರು ಪರಿಚ್ಛೇದಗಳು ಇರುವುದು ಬೇರೆಯದರ ಬಗ್ಗೆ. ಕಾವ್ಯದಲ್ಲಿ ದೋಷ ಯಾವುದು, ಪದ ಎಲ್ಲಿ ಕೂತರೆ ಓದು ಮುಗ್ಗರಿಸುತ್ತದೆ, ಅಲಂಕಾರ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ಗ್ರಂಥವೇ ವಿಮರ್ಶೆಯ ಪುಸ್ತಕ. ನಾವು ಅದರ ಭೂಪಟವನ್ನಷ್ಟೇ ಹರಿದುಕೊಂಡು ಇಟ್ಟುಕೊಂಡಿದ್ದೇವೆ.

ಈಗ ಸಿದ್ಧರಾಮನಿಗೆ ಬರುತ್ತೇನೆ. ನಾನು ಓದಿದ ಪ್ರಬಂಧಗಳಲ್ಲಿ ಒಂದು ವಾಕ್ಯ ಸ್ವಲ್ಪ ಹೆಚ್ಚು ಕಡಿಮೆಯಾಗಿ ಎಲ್ಲ ಕಡೆ ಬರುತ್ತದೆ: 'ಸಿದ್ಧರಾಮನು ಕರ್ಮಯೋಗಿಯಾಗಿದ್ದು ಅಲ್ಲಮಪ್ರಭುವಿನ ಸಂಪರ್ಕದಿಂದ ಶಿವಯೋಗಿಯಾದನು.' ಈ ವಾಕ್ಯದ ಹಿಂದೆ ಮುಂದೆ ಕಥೆ ಬರುತ್ತದೆ. ಸೊನ್ನಲಿಗೆಯಲ್ಲಿ ಮುದ್ದುಗೌಡ, ಸುಗ್ಗಲೆಯರ ಮಗನಾಗಿ ಹುಟ್ಟಿದ, ಮುಗ್ಧನಾಗಿದ್ದ, ಹೊಲದಲ್ಲಿ ಮಲ್ಲಯ್ಯ ಜಂಗಮನಾಗಿ ಬಂದ, ಶ್ರೀಶೈಲಕ್ಕೆ ಹೋದ, ತಿರುಗಿ ಬಂದು ಗುಡಿ ಕಟ್ಟಿದ, ಕೆರೆ ಕಟ್ಟಿದ, ಅಲ್ಲಮ ಬಂದ, ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದ. ಒಂದೇ ನೂಲಿನಲ್ಲಿ ಪೋಣಿಸಿದ ಹಾಗೆ ಇದೆ. ತೊಂದರೆ ಏನಂದ್ರ, ಇದು ಒಂದು ನೂಲಲ್ಲ. ಮೊದಲರ್ಧ ರಾಘವಾಂಕನ 'ಸಿದ್ಧರಾಮ ಚಾರಿತ್ರ'ದ್ದು. ಕೊನೆಯ ಭಾಗ ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿ, ಆಮೇಲೆ ಬೇರೆಯವರು ಪರಿಷ್ಕರಿಸುತ್ತ ಹೋದ 'ಶೂನ್ಯಸಂಪಾದನೆ'ಯದ್ದು. ನಡುವೆ ಇನ್ನೂರು ವರ್ಷಕ್ಕೂ ಹೆಚ್ಚಿನ ಅಂತರವಿದೆ. ಎರಡರ ಉದ್ದೇಶವೂ ಬೇರೆ. ರಾಘವಾಂಕನ ಕಥೆಯ ಭಾರ ಸೊನ್ನಲಿಗೆ ಮತ್ತು ಶ್ರೀಶೈಲದ ನಡುವಿನ ದಾರಿಯ ಮೇಲೆ ಬೀಳುತ್ತದೆ. ಶೂನ್ಯಸಂಪಾದನೆಯದು ಕಲ್ಯಾಣದ ದಾರಿಯ ಮೇಲೆ. ಪ್ರಬಂಧ ಬರೆಯುವವರು ಎರಡನ್ನೂ ಸೇರಿಸಿ ಒಂದು ಜೀವನಚರಿತ್ರೆ ಮಾಡಿದ ಕೂಡಲೇ ಎರಡು ಕೃತಿಗಳೂ ಮಾಯವಾಗುತ್ತವೆ.

ಬಿಡಿಸಿ ಓದಿದರೆ ಏನು ಸಿಗುತ್ತದೆ? ರಾಘವಾಂಕನ ಹೊಲದ ಸನ್ನಿವೇಶವನ್ನೇ ನೋಡಿ. ಬಂದ ಜಂಗಮನಿಗೆ ಹಸಿವಾಗಿದೆ. ಹುಡುಗ ಎಳೆಯ ತೆನೆ ಕೊಡುತ್ತಾನೆ. ಅವನಿಗೆ ಇನ್ನೂ ಉಣ್ಣಬೇಕಾಗಿದೆ. ಹುಡುಗ ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಜಂಗಮ ಇಲ್ಲ. ಬುತ್ತಿ ಹಿಡಿದುಕೊಂಡು ಮಲ್ಲಯ್ಯ, ಮಲ್ಲಯ್ಯ ಎಂದು ಕೂಗುತ್ತಾ ಹೊರಟವನು ಶ್ರೀಶೈಲದ ಕಮರಿಯ ಅಂಚಿನವರೆಗೆ ಹೋಗುತ್ತಾನೆ. ಇದನ್ನು ನಮ್ಮ ಪ್ರಬಂಧಗಳು 'ಭಕ್ತಿಯ ಪರಾಕಾಷ್ಠೆ' ಎಂದು ಎರಡು ಪದದಲ್ಲಿ ಮುಗಿಸುತ್ತವೆ. ಇಡೀ ಪ್ರಸಂಗದಲ್ಲಿ ತತ್ತ್ವದ ಮಾತು ಎಷ್ಟಿದೆ? ಇರುವುದು ಹಸಿವು, ತೆನೆ, ಬುತ್ತಿ, ಓಟ, ಕೂಗು. ಊಟಕ್ಕೆ ಕೂತ ಅತಿಥಿ ಉಣ್ಣದೆ ಎದ್ದು ಹೋದ ಎನ್ನುವ ದುಃಖವೇ ಅವನನ್ನು ಅಷ್ಟು ದೂರ ಎಳೆದುಕೊಂಡು ಹೋಗುತ್ತದೆ. ಮಂಗಳವೇಢೆ, ಅಕ್ಕಲಕೋಟದ ಕಡೆ ಚಳಿಗಾಲದಾಗ ಹೊಲಕ್ಕ ಹೋದವರಿಗೆ ಸೀತನಿ ತಿನ್ನಿಸದೆ ಕಳಿಸೂದಿಲ್ಲ. ಕುಳ್ಳಿನ ಬೆಂಕಿಯಲ್ಲಿ ಸುಟ್ಟ ಎಳೆ ಜೋಳದ ತೆನೆ, ಕೈಯಲ್ಲಿ ತಿಕ್ಕಿ ಊದಿ ಕೊಟ್ಟದ್ದು. ಮರಾಠಿಯಲ್ಲಿ ಹುರಡಾ. ಆ ಹೊಲದಾಗ ಕೂತು ತಿಂದ ವಿದ್ಯಾರ್ಥಿಗೆ ಬುತ್ತಿ ಹಿಡಿದು ನಿಂತ ಹುಡುಗನ ಮುಖ ಕಾಣುತ್ತದೆ. ಕಂಡದ್ದನ್ನು ಬರೆಯಲು ಅವನಿಗೆ ಧೈರ್ಯ ಸಾಲುವುದಿಲ್ಲ. ಅದು 'ಸಾಹಿತ್ಯ' ಅಲ್ಲ, ಮನೆಯ ಮಾತು ಅನ್ನಿಸುತ್ತದೆ.

ಇನ್ನು ಶೂನ್ಯಸಂಪಾದನೆ. ಅಲ್ಲಮ ಸೊನ್ನಲಿಗೆಗೆ ಬಂದಾಗ ಕೆರೆಯ ಕೆಲಸ ನಡೆದಿದೆ. ಕೆಲಸಗಾರರನ್ನು 'ನಿಮ್ಮ ಒಡ್ಡರಾಮ ಎಲ್ಲಿ' ಎಂಬಂತೆ ಕೇಳುತ್ತಾನೆ. ಅವರಿಗೆ ಸಿಟ್ಟು ಬಂದು ಕಲ್ಲು ಎಸೆಯುತ್ತಾರೆ. ಆಮೇಲೆ ಸಿದ್ಧರಾಮ ಬರುತ್ತಾನೆ, ವಾದ ನಡೆಯುತ್ತದೆ. ಪ್ರಬಂಧಗಳು ಈ ವಾದಕ್ಕೆ ಜಿಗಿಯುತ್ತವೆ. ಜಿಗಿಯುವ ಮೊದಲು ಎರಡು ಮಾತು ಹೇಳಬೇಕು.

ಒಂದು, ಶೂನ್ಯಸಂಪಾದನೆ ಬೇರೆ ಬೇರೆ ಕಡೆಯ ವಚನಗಳನ್ನು ತಂದು ಸಂವಾದವಾಗಿ ಜೋಡಿಸಿದ ಕೃತಿ. ರಂಗವನ್ನು ಕಟ್ಟಿದವನು ಸಂಪಾದಕ. 'ಆಗ ಸಿದ್ಧರಾಮ ಅಲ್ಲಮನಿಗೆ ಹೀಗೆ ಹೇಳಿದ' ಎಂದು ನಾವು ಬರೆದರೆ ಆ 'ಆಗ' ಹನ್ನೆರಡನೆಯ ಶತಮಾನದ್ದಲ್ಲ. ಇಷ್ಟನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದುವರಿದರೂ ಪ್ರಬಂಧದ ಮಟ್ಟ ಬದಲಾಗುತ್ತದೆ.

ಎರಡನೆಯದು ಕಲ್ಲಿನ ವಿಷಯ. ನಮ್ಮ ತರಗತಿಯಲ್ಲಿ ಈ ಭಾಗ ನಡೆಯುವಾಗ ಒಬ್ಬ ಗೆಳತಿ ಎದ್ದು ನಿಂತು 'ಒಡ್ಡ ಅಂದ್ರ ಬೈಗಳೇನ್ರಿ ಸರ್?' ಎಂದು ಕೇಳಿದಳು. ತರಗತಿ ಒಂದು ಗಳಿಗೆ ಸುಮ್ಮನಾಯಿತು. ಪಠ್ಯದ ಮಟ್ಟಿಗೆ ಉತ್ತರ ಸುಲಭವಾಗಿ ಹೌದು ಎಂದೇ ಬರುತ್ತದೆ. ದೊಡ್ಡವನೊಬ್ಬನನ್ನು ಕೆಣಕಲು ಕಲ್ಲು-ಮಣ್ಣಿನ ಕೆಲಸದವರ ಹೆಸರನ್ನು ಬಳಸಲಾಗಿದೆ. ಆದರೆ ಅವಳ ಪ್ರಶ್ನೆ ಅಲ್ಲಿಗೆ ನಿಲ್ಲುವುದಿಲ್ಲ. ಕೆಲಸಗಾರರಿಗೆ ಸಿಟ್ಟು ಬಂದದ್ದು ಯಾಕೆ? ತಮ್ಮ ಗುರುವನ್ನು ತಮ್ಮ ಹೆಸರಿನಿಂದ ಕರೆದರು ಅಂತಲೋ, ತಮ್ಮ ಹೆಸರನ್ನೇ ಬೈಗುಳ ಮಾಡಿದರು ಅಂತಲೋ? ಕೃತಿ ಅವರನ್ನು ಅಜ್ಞಾನಿಗಳ ಗುಂಪಾಗಿ ನಿಲ್ಲಿಸಿ ಮುಂದೆ ಹೋಗುತ್ತದೆ. ಕೆರೆ ಅಗೆದವರ ಕೈಯಲ್ಲಿ ಕಲ್ಲು ಬಿಟ್ಟರೆ ಮಾತು ಕೊಟ್ಟಿಲ್ಲ. ಇಂದಿನ ಕರ್ನಾಟಕದಲ್ಲಿ ಭೋವಿ ಸಮಾಜದವರು ಸಿದ್ಧರಾಮೇಶ್ವರನನ್ನು ತಮ್ಮ ಕುಲಗುರು ಎನ್ನುತ್ತಾರೆ; ಚಿತ್ರದುರ್ಗದಲ್ಲಿ ಅವರ ಗುರುಪೀಠವಿದೆ; ಸರ್ಕಾರವೇ ಜನವರಿಯಲ್ಲಿ ಸಿದ್ಧರಾಮೇಶ್ವರ ಜಯಂತಿ ನಡೆಸುತ್ತದೆ. ಕೆಣಕಲು ಬಳಸಿದ ಹೆಸರು ಹಕ್ಕಿನ ಹೆಸರಾಗಿದೆ. ಒಂದು ಪದದ ಇಷ್ಟು ಉದ್ದದ ಪಯಣ ಒಂದು ಒಳ್ಳೆಯ ಪ್ರಬಂಧಕ್ಕೆ ಸಾಲದೇ? ಆದರೆ ಆ ಗೆಳತಿ ಬರೆದು ಒಪ್ಪಿಸಿದ ಪ್ರಬಂಧದ ವಿಷಯ 'ಸಿದ್ಧರಾಮನ ವಚನಗಳಲ್ಲಿ ಸಾಮಾಜಿಕ ಚಿಂತನೆ'. ಅದರಲ್ಲಿ ಈ ಪ್ರಶ್ನೆ ಇರಲಿಲ್ಲ. ಯಾಕ ಬಿಟ್ಟಿ ಅಂದ್ರ, 'ಅದಕ್ಕ ಸಂದರ್ಭ ಗ್ರಂಥ ಸಿಗಲಿಲ್ಲ' ಅಂದಳು.

ಈ ಉತ್ತರದ ಮೇಲೆ ನಾನು ಬಹಳ ದಿನ ಯೋಚಿಸಿದ್ದೇನೆ. ಪುಸ್ತಕದಲ್ಲಿ ಮೊದಲೇ ಉತ್ತರ ಇರುವ ಪ್ರಶ್ನೆಯನ್ನು ಮಾತ್ರ ಕೇಳಬೇಕು ಎಂಬುದನ್ನು ನಾವು ಎಲ್ಲಿ ಕಲಿತೆವು? ಯಾರೂ ಇದನ್ನು ಬಾಯಿಬಿಟ್ಟು ಹೇಳಿಕೊಟ್ಟಿಲ್ಲ. ಅಂಕಪಟ್ಟಿ ಹೇಳಿಕೊಟ್ಟಿದೆ.

'ಕರ್ಮಯೋಗಿಯಿಂದ ಶಿವಯೋಗಿ' ಎಂಬ ವಾಕ್ಯಕ್ಕೆ ತಿರುಗಿ ಬರೋಣ. ಅದರಲ್ಲಿ ಒಂದು ಮೆಟ್ಟಿಲು ಅಡಗಿದೆ. ಕೆರೆ ಕೆಳಗಿನ ಮೆಟ್ಟಿಲು, ಅಂತರಂಗದ ಸಾಧನೆ ಮೇಲಿನದು. ಶೂನ್ಯಸಂಪಾದನೆಗೆ ಈ ಮೆಟ್ಟಿಲು ಬೇಕಿತ್ತು, ಅದರ ತತ್ತ್ವವೇ ಅದು. ನಾವು ಅದನ್ನು ಲೋಕಸತ್ಯ ಎನ್ನುವಂತೆ ಬರೆಯುತ್ತೇವೆ. ಸೊಲ್ಲಾಪುರ ಬರದ ಜಿಲ್ಲೆ. ಭುಯಿಕೋಟ ಕಿಲ್ಲೆಯ ಪಕ್ಕದಲ್ಲಿ ಆ ಕೆರೆ ಇಂದಿಗೂ ಇದೆ, ನಡುವೆ ಗುಡಿ ಇದೆ. ಅದರ ದಂಡೆ ಮೇಲೆ ದಿನಾ ಅಡ್ಡಾಡಿ, ನಳಕ್ಕ ನೀರು ಯಾವಾಗ ಬರ್ತದ ಅಂತ ಕಾದು ಕೂತು, ಮನೆಗೆ ಬಂದು 'ಕೆರೆ ಕಟ್ಟಿಸುವಂತಹ ಬಹಿರಂಗ ಕಾರ್ಯಗಳಲ್ಲಿ ಮುಳುಗಿದ್ದ ಸಿದ್ಧರಾಮನು' ಎಂದು ಬರೆಯುವುದು ಸೋಜಿಗವಲ್ಲವೇ? ಅಲ್ಲಮನ ಪಕ್ಷ ಹಿಡಿದು ಉತ್ತರ ಕೊಡಬಹುದು, ಅದೂ ಒಳ್ಳೆಯದೇ. ಅವನ ತಕರಾರು ಕೆರೆಯ ಮೇಲಲ್ಲ, 'ನಾನು ಕಟ್ಟಿದೆ' ಎಂಬ ಭಾವದ ಮೇಲೆ ಎಂದು ವಾದಿಸಬಹುದು. ವಚನಗಳನ್ನು ಇಟ್ಟುಕೊಂಡು ಅದನ್ನು ತೋರಿಸಲಿ. ಎರಡು ಕಡೆಯಲ್ಲಿ ಯಾವುದಾದರೂ ಒಂದು ಕಡೆ ನಿಂತು ಬರೆದದ್ದು ನನಗೆ ಒಪ್ಪಿಗೆ. ನಿಲ್ಲದೆ ಬರೆದದ್ದು ಪ್ರಬಂಧವಾಗುವುದಿಲ್ಲ, ಮಾಹಿತಿಯಾಗುತ್ತದೆ.

ವಚನಗಳನ್ನು ಓದುವ ರೀತಿಯ ಬಗ್ಗೆ ಒಂದೇ ಉದಾಹರಣೆ ಕೊಡುತ್ತೇನೆ. ಹೆಣ್ಣಿನ ಬ�ಗ್ಗೆ ಸಿದ್ಧರಾಮನ ಒಂದು ವಚನವಿದೆ. ಹೆಣ್ಣೇ ಸಾಕ್ಷಾತ್ ದೇವರು ಎಂದು ಮುಗಿಯುತ್ತದೆ. 'ಶರಣರು ಮತ್ತು ಸ್ತ್ರೀಸಮಾನತೆ' ಎಂಬ ವಿಷಯ ಬಂತೆಂದರೆ ಆ ಕೊನೆಯ ಸಾಲು ಬಂದೇ ಬರುತ್ತದೆ, ಮಾರ್ಚ್ 8ರ ಬ್ಯಾನರಿನ ಮೇಲೂ ಬರುತ್ತದೆ. ಅದರ ಮೊದಲರ್ಧವನ್ನು ಯಾರೂ ಬರೆಯುವುದಿಲ್ಲ. ಮೊದಲರ್ಧದಲ್ಲಿರುವುದು ಒಂಥರಾ ನಗು. ತಾನು ಮಾಡಿದ ಹೆಣ್ಣೇ ತನ್ನ ತಲೆಯ ಮೇಲೆ ಹತ್ತಿ ಕೂತಳು, ತೊಡೆಯ ಮೇಲೆ ಕೂತಳು, ಬ್ರಹ್ಮನ ನಾಲಿಗೆ ಮೇಲೆ, ನಾರಾಯಣನ ಎದೆಯ ಮೇಲೆ ಕೂತಳು ಎಂದು ದೇವರುಗಳ ಫಜೀತಿಯನ್ನು ಒಂದೊಂದಾಗಿ ಎಣಿಸುತ್ತದೆ. ಗಂಗೆ, ಗೌರಿ, ಸರಸ್ವತಿ, ಲಕ್ಷ್ಮಿಯರ ಹೆಸರು ಹೇಳದೆ ಅವರ ಜಾಗ ಮಾತ್ರ ಹೇಳುವ ಜಾಣತನ ಅದು. ಹೆಣ್ಣನ್ನು ದೂರ ಇಡಿ ಎನ್ನುವ ಸಾಧಕರಿಗೆ, ನಿಮ್ಮ ದೇವರುಗಳ ಮೈಮೇಲೆಲ್ಲ ಆಕೆ ಕೂತಿದ್ದಾಳೆ, ನೀವೆಲ್ಲಿ ಓಡುತ್ತೀರಿ ಎಂದು ಕಾಲೆಳೆದ ಹಾಗಿದೆ. ಈ ನಗುವನ್ನು ಕಳೆದು ಕೊನೆಯ ಸಾಲನ್ನು ಮಾತ್ರ ಇಟ್ಟರೆ ಉಳಿಯುವುದು ಘೋಷಣೆ.

ಇಷ್ಟಕ್ಕೇ ಬಿಡದೆ ಇನ್ನೊಂದು ಕಥೆಯನ್ನು ಇದರ ಪಕ್ಕ ಇಟ್ಟು ನೋಡಬಹುದು. ಸಂಕ್ರಾಂತಿಯ ಸುಮಾರಿಗೆ ನಡೆಯುವ ಗಡ್ಡಾ ಜಾತ್ರೆ ನಿಮಗೆಲ್ಲ ಗೊತ್ತು. ಬೇರೆ ಬೇರೆ ಸಮಾಜಗಳ ಮಾನದ ಏಳು ನಂದಿಧ್ವಜಗಳು, ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆ, ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ, ಹೋಮ. ಅದರ ಹಿಂದಿನ ಕಥೆ ಕುಂಬಾರರ ಹುಡುಗಿಯದು. ಆಕೆ ಸಿದ್ಧರಾಮನನ್ನು ಮದುವೆಯಾಗಲು ಬಯಸಿದಳು. ಅವನು ತನ್ನ ಯೋಗದಂಡವನ್ನು ಕೊಟ್ಟು ಅದರ ಜೊತೆ ಮದುವೆಯಾಗು ಎಂದ. ಊರು ಇಂದಿಗೂ ಆ ಮದುವೆಯನ್ನು ಮಾಡುತ್ತದೆ. ಹೆಣ್ಣು ದೇವರು ಎಂದ ವಚನಕಾರ, ಎದುರಿಗೆ ನಿಂತ ಹೆಣ್ಣಿನ ಆಸೆಗೆ ಕೋಲು ಕೊಟ್ಟ ಎನ್ನುವುದು ಜಾತ್ರೆಯ ನೆನಪು. ವಚನ ಮತ್ತು ಜಾತ್ರೆ ಒಂದೇ ಸಿದ್ಧರಾಮನನ್ನು ಹೇಳುತ್ತಿವೆಯೇ? ದೇವರ ಪಟ್ಟ ಕೊಡುವುದು ಸಮಾನತೆಯೋ, ಅಥವಾ ಮದುವೆಯ ಮಾತು ತಪ್ಪಿಸುವ ದಾರಿಯೋ? ಕಥೆಯಲ್ಲಿ ಆ ಹುಡುಗಿ ಒಪ್ಪಿದಳೇ, ಅತ್ತಳೇ? ಮಂಡ್ಯದಲ್ಲಿ ಕೂತು ಬರೆಯುವವರಿಗೆ ಈ ಪ್ರಶ್ನೆ ಹೊಳೆಯಲಿಕ್ಕಿಲ್ಲ. ನಮಗೆ ಹೊಳೆಯಬೇಕು, ಅಕ್ಷತೆ ಹಾಕುವ ಕೈ ನಮ್ಮದೇ.

ಮಂಡ್ಯ ಎಂದ ಮೇಲೆ ನೆನಪಾಯಿತು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ನಮ್ಮ ಊರಿನ ಜಯದೇವಿತಾಯಿ ಲಿಗಾಡೆ, ಆ ಗೌರವ ಪಡೆದ ಮೊದಲ ಮಹಿಳೆ. ನಮ್ಮ ಪ್ರಬಂಧಗಳಲ್ಲಿ ಅವರ ಬಗ್ಗೆ ಈ ಒಂದು ವಾಕ್ಯ ತಪ್ಪದೆ ಇರುತ್ತದೆ, ಎರಡನೆಯ ವಾಕ್ಯ ಇರುವುದಿಲ್ಲ. ಶಾಲೆಯಲ್ಲಿ ಮರಾಠಿ ಓದಿದ ಹೆಣ್ಣುಮಗಳು ಕನ್ನಡದಲ್ಲಿ ಸಿದ್ಧರಾಮೇಶ್ವರ ಪುರಾಣ ಬರೆದರು, ಬಸವಣ್ಣನ ವಚನಗಳನ್ನು ಮರಾಠಿಗೆ ಒಯ್ದರು. ಪುರಾಣವನ್ನು ಬರೆದದ್ದು ತ್ರಿಪದಿಯಲ್ಲಿ. 'ತ್ರಿಪದಿ ಸರಳವಾದ ದೇಸಿ ಛಂದಸ್ಸು' ಎಂದು ಗೈಡಿನಲ್ಲಿದೆ, ಅಷ್ಟಕ್ಕೇ ಬಿಟ್ಟಿದೆ. ರಾಘವಾಂಕ ಇದೇ ಕಥೆಗೆ ವಾರ್ಧಕ ಷಟ್ಪದಿಯನ್ನು ಹಿಡಿದಿದ್ದ. ಅದು ಸಭೆಯಲ್ಲಿ ಒಬ್ಬ ಓದಿ ಹತ್ತು ಜನ ಕೇಳುವ ಛಂದಸ್ಸು, ಉಸಿರು ಉದ್ದ ಬೇಕು. ತ್ರಿಪದಿ ಬೀಸುಕಲ್ಲಿನದು. ಕಲ್ಲು ಒಂದು ಸುತ್ತು ತಿರುಗುವಷ್ಟರಲ್ಲಿ ಒಂದು ಸಾಲು ಮುಗಿಯುತ್ತದೆ, ಎದುರು ಕೂತವಳು ಮುಂದಿನದನ್ನು ಎತ್ತಿಕೊಳ್ಳುತ್ತಾಳೆ. ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಪಂಚಾಯಿತಿಯ ಕಾಗದ ಮರಾಠಿಯಾದರೂ ಅಜ್ಜಿಯರ ಬೀಸುವ ಪದ ಕನ್ನಡವೇ. ಅಂದರೆ ಜಯದೇವಿತಾಯಿಯವರು ಸಿದ್ಧರಾಮನನ್ನು ಸಭೆಯಿಂದ ಎತ್ತಿ ಅಡಿಗೆಮನೆಯ ಪಕ್ಕದ ಬೀಸುಕಲ್ಲಿನ ಹತ್ತಿರ ತಂದು ಕೂಡಿಸಿದರು. ಹಾಗೆ ತಂದಾಗ ಕಥೆ ಎಲ್ಲಿ ಬದಲಾಯಿತು, ಸುಗ್ಗಲೆಗೆ ಎಷ್ಟು ಜಾಗ ಸಿಕ್ಕಿತು, ರಾಘವಾಂಕನಲ್ಲಿ ಆಕೆಗೆ ಎಷ್ಟಿತ್ತು? ಎರಡು ಪುಸ್ತಕ ಮುಂದಿಟ್ಟುಕೊಂಡು ಒಂದೇ ಪ್ರಸಂಗವನ್ನು ಹೋಲಿಸಿ ನಾಲ್ಕು ಪುಟ ಬರೆಯಬಹುದು. ಇದಕ್ಕೆ ಸಂದರ್ಭ ಗ್ರಂಥ ಬೇಕಿಲ್ಲ, ಆ ಎರಡೇ ಗ್ರಂಥ.

ಸಲಕರಣೆಯ ಕೊರತೆ ಈಗ ಮೊದಲಿನಷ್ಟಿಲ್ಲ. ಕರ್ನಾಟಕ ಸರ್ಕಾರದ ಸಮಗ್ರ ವಚನ ಸಂಪುಟಗಳು ಹದಿನೈದೂ ಇವೆ. 'ವಚನ ಸಂಚಯ' ಜಾಲತಾಣದಲ್ಲಿ 'ಕೆರೆ' ಎಂದು ಹೊಡೆದರೆ ಆ ಪದ ಬರುವ ವಚನಗಳು ಎದುರಿಗೆ ಬರುತ್ತವೆ. 1923ರಲ್ಲಿ ಫ.ಗು. ಹಳಕಟ್ಟಿಯವರು 'ವಚನಶಾಸ್ತ್ರ ಸಾರ' ಅಚ್ಚು ಹಾಕಿಸಲು ಪಟ್ಟ ಪಾಡು ನೆನೆದರೆ ನಮ್ಮದೇನೂ ಅಲ್ಲ. ಒಂದು ಎಚ್ಚರ ಮಾತ್ರ: ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ ಅದನ್ನೇ ಪ್ರಬಂಧ ಎನ್ನಬಾರದು.

ಕೊನೆಯದಾಗಿ ಭಾಷೆ. ನಮ್ಮ ಪ್ರಬಂಧಗಳ ಕನ್ನಡ ಯಾರ ಮನೆಯ ಕನ್ನಡವೂ ಅಲ್ಲ. 'ಅದ್ಭುತವಾಗಿ ಮೂಡಿಬಂದಿದೆ', 'ಮನೋಜ್ಞವಾಗಿ ಚಿತ್ರಿಸಲ್ಪಟ್ಟಿದೆ', 'ಮೇರು ಕೃತಿಯಾಗಿದೆ'. ಇವು ಯಾವ ಕೃತಿಯ ಹೆಸರಿನ ಮುಂದೆ ಬೇಕಾದರೂ ಕೂತುಕೊಳ್ಳುತ್ತವೆ, ಬಸ್ಸಿನ ಸೀಟಿನ ಹಾಗೆ. ಇವನ್ನು ಬರೆಯುವವರು ಕ್ಯಾಂಟೀನಿನಾಗ ಅದೇ ಕೃತಿ ಬಗ್ಗೆ 'ಆ ಹುಡುಗ ಬುತ್ತಿ ಹಿಡದು ಓಡೂದು ಓದಿ ಹೊಟ್ಯಾಗ ಕಸಿವಿಸಿ ಆತು' ಅಂತಾರ. ಎರಡನೆಯದೇ ವಿಮರ್ಶೆಗೆ ಹತ್ತಿರ. ದ.ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮನೆಮಾತು ಮರಾಠಿ, ಎರಡೂ ಭಾಷೆಯಲ್ಲಿ ಬರೆದವರು. ಅವರ 'ಸಾಹಿತ್ಯ ಮತ್ತು ವಿಮರ್ಶೆ', 'ಸಾಹಿತ್ಯ ಸಂಶೋಧನ' ನಮ್ಮ ಓದಿನ ಪಟ್ಟಿಯ ಅಂಚಿನಲ್ಲಿರುತ್ತವೆ, ಕವಿತೆ ಮಾತ್ರ ಮಧ್ಯದಲ್ಲಿರುತ್ತದೆ. ಎದುರು ಕೂತು ಮಾತಾಡಿದ ಹಾಗೆ, ಶಬ್ದವನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಅವರು ಬರೆದ ಗದ್ಯ ನಮಗೆ ಕಲಿಯಲು ಸಿಗಬೇಕಿತ್ತು. ಅದನ್ನು ಅನುಕರಿಸಿ ಎನ್ನುತ್ತಿಲ್ಲ, ಬೇಂದ್ರೆಯವರನ್ನು ಅನುಕರಿಸಿದ ಗದ್ಯದಷ್ಟು ತ್ರಾಸ ಕೊಡೂದು ಇನ್ನೊಂದಿಲ್ಲ.

ನನ್ನ ಮಾತು ಇಲ್ಲಿಗೆ ನಿಲ್ಲಿಸ್ತೀನಿ. ಪ್ರಶ್ನೆ ಇದ್ರ ಕೇಳ್ರಿ.

ಚರ್ಚೆಯಿಂದ

ಒಬ್ಬ ವಿದ್ಯಾರ್ಥಿ: ಹಂಗಾದ್ರ ಪರೀಕ್ಷೆಯಾಗೂ ಆಡುಮಾತಿನಾಗ ಬರಿಬೇಕೇನು?

ಉತ್ತರ: ಹಂಗಲ್ಲ. ವಾಕ್ಯ ಗ್ರಾಂಥಿಕ ಇರಲಿ, ಅಡ್ಡಿ ಇಲ್ಲ. ವಾಕ್ಯದೊಳಗ ನೀವು ಓದಿದ್ದು ಇರಬೇಕು. 'ಭಕ್ತಿಯ ಪರಾಕಾಷ್ಠೆ' ಬರೀರಿ ಬೇಕಾದ್ರ, ಅದರ ಕೆಳಗ ಬುತ್ತಿ ಎಲ್ಲಿಂದ ಎಲ್ಲಿಗೆ ಹೋತು ಅದನ್ನೂ ಬರೀರಿ. ಅಂಕ ಕಡಿಮೆ ಆಗ್ತದ ಅನ್ನೂ ಹೆದರಿಕೆ ಇದ್ರ ಮೊದಲ ಪುಟದಾಗ ಕಾಲ-ದೇಶ ಕೊಡ್ರಿ, ಎರಡನೇ ಪುಟದಿಂದ ನಿಮ್ಮ ಓದು ಚಾಲು ಮಾಡ್ರಿ.

ಒಬ್ಬ ಪ್ರಾಧ್ಯಾಪಕರು: ಜಾತ್ರೆಯ ಕಥೆಯನ್ನು ಪ್ರಬಂಧದಲ್ಲಿ ತರುವುದಾದರೆ ಆಧಾರ ಯಾವುದು? ಸಿಗುವ ಬರಹ ಬಹಳಷ್ಟು ಮರಾಠಿಯಲ್ಲಿದೆ. ಹೇಳುವವರದ್ದು ಬಾಯಿಮಾತು.

ಉತ್ತರ: ಹೌದು ಸರ್. ಮರಾಠಿಯಲ್ಲಿದ್ದರೆ ಮರಾಠಿಯದೇ ಎಂದು ಹೇಳಿ ಬಳಸಬಹುದು ಅನ್ನಿಸುತ್ತದೆ. ಕನ್ನಡ ಪ್ರಬಂಧಕ್ಕೆ ಮರಾಠಿ ಆಧಾರ ಬಂದರೆ ಅದು ಕೆಡುವುದಿಲ್ಲ. ಬಾಯಿಮಾತಿನ ವಿಷಯಕ್ಕೆ, ಹೇಳುವ ಹಿರಿಯರು ಒಂದೇ ಕಥೆಯ ಅರ್ಧ ಕನ್ನಡದಾಗ, ಅರ್ಧ ಮರಾಠಿಯಾಗ ಹೇಳ್ತಾರ. ಅದನ್ನು ತಿದ್ದದೆ ಹಂಗೇ ಬರಕೊಂಡು, ಯಾರು ಹೇಳಿದರು, ಯಾವ ಓಣಿಯವರು, ಯಾವ ದಿನ ಹೇಳಿದರು ಎಂದು ಪಕ್ಕಕ್ಕೆ ಬರೆದು, ಮರಾಠಿ ಸಾಲಿನ ಕೆಳಗೆ ಕನ್ನಡ ಅರ್ಥ ಕೊಡಬೇಕು. ಮುಖ್ಯವಾಗಿ ಆ ಹುಡುಗಿ ಏನೆಂದಳು ಎಂಬ ಭಾಗವನ್ನು ಹೆಣ್ಣುಮಕ್ಕಳು ಹೇಳುವಾಗ ಹೇಗಿದೆ, ಗಂಡಸರು ಹೇಳುವಾಗ ಹೇಗಿದೆ ಎಂದು ನೋಡುವ ಆಸೆ ಇದೆ. ಬರುವ ಸಂಕ್ರಾಂತಿಗೆ ನಾವು ನಾಲ್ವರು ಗೆಳೆಯರು ಈ ಕೆಲಸ ಹಂಚಿಕೊಂಡೀವಿ. ಕುಂಭಾರ ವೇಸ್ ನನ್ನ ಪಾಲಿಗೆ ಬಂದದ.